ಸಣ್ಣ ಬೇನೆಯೂ ಪ್ರೋಷಧೋಪವಾಸವೂ

ಮನೆಯಲ್ಲಿ ದೊಡ್ಡ ಆಪತ್ತು ಒದಗಿದಾಗ ಶ್ರಾವಕನು ಧರ್ಮವನ್ನು ಮರೆಯುವುದು ವಿರಳ. ಮರಣಶಯ್ಯೆಯ ಬಳಿ ಕುಳಿತವನ ನಾಲಗೆಗೆ ಪಂಚನಮಸ್ಕಾರವು ತಾನಾಗಿ ಬರುತ್ತದೆ. ಬೆಳೆ ನಾಶವಾದಾಗ, ಹಣ ಮುಳುಗಿದಾಗ, ಇದು ಪೂರ್ವಾರ್ಜಿತ ಕರ್ಮದ ಉದಯವೆಂದು ಸಮಾಧಾನ ತಂದುಕೊಳ್ಳುವ ಸಂಸ್ಕಾರ ಜೈನ ಕುಟುಂಬಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಮೂಗು ಕಟ್ಟಿ ತಲೆ ಭಾರವಾದ ದಿನ, ಮಂಡಿ ಹಿಡಿದುಕೊಂಡ ದಿನ, ಮಳೆಯು ಬಿಡುವಿಲ್ಲದೆ ಸುರಿದು ಅಂಗಳಕ್ಕೆ ಕಾಲಿಡಲಾಗದ ದಿನ, ಅದೇ ಶ್ರಾವಕನಿಗೆ ಕರ್ಮೋದಯದ ನೆನಪಾಗುವುದಿಲ್ಲ. ದೊಡ್ಡ ನೋವನ್ನು ಅವನು ಪರೀಷಹವೆಂದು ಗೌರವಿಸುತ್ತಾನೆ. ಸಣ್ಣ ನೋವನ್ನು ಪೀಡೆಯೆಂದು ಶಪಿಸುತ್ತಾನೆ. ಇವೆರಡರಲ್ಲಿ ವ್ರತಕ್ಕೆ ಹೆಚ್ಚಿನ ಅಪಾಯ ಯಾವುದರಿಂದ ಎಂಬುದು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ಚಾತುರ್ಮಾಸದ ಕಾಲವು ಈ ವಿಚಾರಕ್ಕೆ ತಕ್ಕುದಾಗಿದೆ. ಆಷಾಢ ಶುಕ್ಲ ಚತುರ್ದಶಿಯಂದು ಮುನಿಗಳು ವರ್ಷಾಯೋಗವನ್ನು ಸ್ಥಾಪಿಸಿ ಒಂದೇ ಸ್ಥಳದಲ್ಲಿ ನೆಲೆಸುತ್ತಾರೆ. ಮಳೆಗಾಲದಲ್ಲಿ ನೆಲವೆಲ್ಲ ಹಸಿರಾಗಿ, ದಾರಿಯೆಲ್ಲ ಸೂಕ್ಷ್ಮ ಜೀವಿಗಳಿಂದ ತುಂಬಿರುವುದರಿಂದ, ವಿಹಾರದಲ್ಲಿ ಜೀವಹಿಂಸೆ ತಪ್ಪಿಸಲು ಅಸಾಧ್ಯವೆಂಬುದೇ ಅದಕ್ಕೆ ಕಾರಣ. ಗೃಹಸ್ಥನು ಕೂಡ ಆ ತಿಂಗಳುಗಳಲ್ಲಿ ಎಷ್ಟೋ ದಿನ ಮನೆಯಲ್ಲಿಯೇ ಉಳಿಯುತ್ತಾನೆ. ಆದರೆ ಮುನಿಗಳು ನಿಲ್ಲುವುದು ಕರುಣೆಯಿಂದ; ಗೃಹಸ್ಥನು ನಿಲ್ಲುವುದು ಕೊಡೆ ಸಾಲದೆಂಬ ಕಾರಣದಿಂದ. ಹೊರಗೆ ನೋಡಿದರೆ ಎರಡೂ ಒಂದೇ ಬಗೆಯ ನಿಲುಗಡೆ. ಒಳಗಿನ ಪರಿಣಾಮದಲ್ಲಿ ಎಷ್ಟು ಅಂತರವಿದೆಯೆಂಬುದನ್ನು ತಿಳಿಯಲು ಒಂದು ಮನೆಯ ಒಂದು ದಿನವನ್ನು ಭಾವಿಸಿಕೊಳ್ಳಬಹುದು.

ಆ ಮನೆ ಕಾರ್ಕಳದ ಸಮೀಪದ ಒಂದು ಹಳ್ಳಿಯಲ್ಲಿದೆ ಎನ್ನೋಣ. ಶ್ರಾವಣ ಮಾಸದ ಚತುರ್ದಶಿ. ಮೂರು ದಿನಗಳಿಂದ ಮಳೆ ಹಿಡಿದು ಬಿಟ್ಟಿಲ್ಲ. ಶಾಲೆಗೆ ರಜೆ ಸಾರಿದ್ದಾರೆ. ಗಾಳಿಗೆ ತಂತಿ ಕಡಿದು ವಿದ್ಯುತ್ತು ನಿಂತಿದೆ. ಬಾವಿಯ ಪಂಪೂ ನಿಂತಿದೆ. ಎಂದಿನ ದಿನಗಳಲ್ಲಿ ಆ ಮನೆಯ ಜಗಲಿಯಿಂದ ಬೆಟ್ಟದ ಮೇಲಿನ ಬಾಹುಬಲಿ ಸ್ವಾಮಿಯ ಬಿಂಬ ಕಾಣುತ್ತದೆ. ಕ್ರಿ. ಶ. 1432ರಲ್ಲಿ ಪ್ರತಿಷ್ಠೆಗೊಂಡ, ಸುಮಾರು 42 ಅಡಿ ಎತ್ತರದ ಆ ಮೂರ್ತಿ ಮಳೆಯ ತೆರೆಯ ಹಿಂದೆ ಮರೆಯಾಗಿದೆ.

ಮನೆಯ ಹಿರಿಯರಿಗೆ ವಯಸ್ಸು ಎಪ್ಪತ್ತರ ಹತ್ತಿರ. ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವ ನಿಯಮ ಅವರಿಗೆ ಬಹುಕಾಲದಿಂದ ಇದೆ. ತ್ರಯೋದಶಿಯ ಮಧ್ಯಾಹ್ನ ಏಕಭುಕ್ತಿ, ಚತುರ್ದಶಿಯಂದು ಅನ್ನ, ಪಾನ, ಖಾದ್ಯ, ಲೇಹ್ಯವೆಂಬ ಚತುರ್ವಿಧ ಆಹಾರದ ತ್ಯಾಗ, ಮರುದಿನ ಪಾರಣೆಯಂದು ಮತ್ತೆ ಏಕಭುಕ್ತಿ. ಹೀಗೆ 16 ಯಾಮಗಳ ಕಾಲ ಆರಂಭವನ್ನು ತೊರೆದು ಸಾಮಾಯಿಕ, ಸ್ವಾಧ್ಯಾಯಗಳಲ್ಲಿ ಇರುವುದು ಅವರ ಪದ್ಧತಿ. ಈ ಸಲ ಹಿಂದಿನ ರಾತ್ರಿಯೇ ನೆಗಡಿ ಹಿಡಿದಿತ್ತು. ಮಂಡಿಯ ಹಳೆಯ ನೋವು ತೇವದಿಂದ ಕೆರಳಿತ್ತು. ಜ್ವರವಿಲ್ಲ, ಶ್ವಾಸಕ್ಕೆ ತೊಂದರೆಯಿಲ್ಲ. ವೈದ್ಯರನ್ನು ಕರೆಯುವಂತಹುದೇನೂ ಅಲ್ಲ. ಅವರಿಗೆ ನಸ್ಯದ ಅಭ್ಯಾಸವುಂಟು. ಉಪವಾಸದ ದಿನ ಸ್ನಾನ, ಅಂಜನ, ಅಲಂಕಾರಗಳೊಡನೆ ನಸ್ಯವನ್ನೂ ಬಿಡಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಹಿರಿಯರು ಅದನ್ನು ಬಿಟ್ಟಿದ್ದರು. ಮೂಗು ಕಟ್ಟಿತ್ತು, ಡಬ್ಬಿ ಗೂಡಿನಲ್ಲಿ ಕಾಣುತ್ತಿತ್ತು, ಮನಸ್ಸು ಮತ್ತೆಮತ್ತೆ ಅಲ್ಲಿಗೆ ಹೋಗುತ್ತಿತ್ತು.

ಕೈ ಡಬ್ಬಿಯನ್ನು ಮುಟ್ಟಲಿಲ್ಲ. ಬಾಯಿಗೆ ಹನಿ ನೀರು ಬೀಳಲಿಲ್ಲ. ಆದರೆ ಬೆಳಗಿನಿಂದ ಬಾಯಿಯಿಂದ ಹೊರಟ ಮಾತುಗಳಿಗೆ ಲೆಕ್ಕವಿರಲಿಲ್ಲ. ಮಂಡಿಗೆ ಶಾಖ ಕೊಡಲು ಬಿಸಿನೀರು ಬೇಕು. ತಂದ ನೀರು ಆರಿಹೋಯಿತು, ಇನ್ನೊಮ್ಮೆ ಕಾಯಿಸಬೇಕು. ಮಗು ಗಟ್ಟಿಯಾಗಿ ಓದಬಾರದು. ಕಿಟಕಿ ಮುಚ್ಚಬೇಕು, ಮುಚ್ಚಿದರೆ ಕತ್ತಲೆ, ತೆರೆಯಬೇಕು. ಚಳಿಯೆನಿಸಿದಾಗ ಗೂಟದ ಮೇಲಿದ್ದ ಕಂಬಳಿಯನ್ನು ಸೆಳೆದು, ಕೊಡವದೆ ನೋಡದೆ ಹೊದ್ದುಕೊಂಡರು. ಮಳೆಗೆ ನೆಲೆ ತಪ್ಪಿದ ಇರುವೆಗಳು ತಮ್ಮ ಮೊಟ್ಟೆಗಳೊಡನೆ ಕಂಬಳಿಯ ಬೆಚ್ಚನೆಯ ಮಡಿಕೆಯನ್ನು ಸೇರಿದ್ದವು. ಕೆಲವು ಸತ್ತವು, ಕೆಲವು ಕಚ್ಚಿದವು. ಹಿರಿಯರು, “ಕಂಬಳಿಗೆ ಇರುವೆ ಬರುವಂತೆ ಬಿಟ್ಟವರು ಯಾರು?” ಎಂದು ಗದರಿದರು.

ಒಳಗಿನಿಂದ ಬಂದವಳು ಸೊಸೆ. ಅವಳಿಗೂ ಆ ದಿನ ಏಕಾಶನದ ನಿಯಮವಿತ್ತು. ಹಲವು ದಿನ ನೀರಿನಲ್ಲಿಯೇ ಕೆಲಸವಾಗಿ ಅವಳ ಕೈಬೆರಳುಗಳ ಸಂದು ಬಿಳಿಚಿ ಬಿರಿದಿತ್ತು. ಅದನ್ನು ಅವಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಹಿರಿಯರು ಐದು ಸಲ ಕೇಳಿದ ಬಿಸಿನೀರಿನ ಹಿಂದೆ ಎಷ್ಟು ಕೆಲಸವಿತ್ತೆಂಬುದನ್ನು ಜೈನ ಗೃಹಿಣಿಯರು ಬಲ್ಲರು. ಬಾವಿಯಿಂದ ನೀರು ಸೇದಬೇಕು. ಎರಡು ಪದರದ ದಪ್ಪ ಬಟ್ಟೆಯಲ್ಲಿ ಗಾಳಿಸಬೇಕು. ಬಟ್ಟೆಯಲ್ಲಿ ಉಳಿದುದನ್ನು ಗಾಳಿಸಿದ ನೀರಿನಿಂದಲೇ ತೊಳೆದು, ಆ ಜೀವಾಣಿಯನ್ನು ಅದೇ ಬಾವಿಗೆ ಮುಟ್ಟಿಸಬೇಕು. ಮೇಲಿನಿಂದ ಚೆಲ್ಲಿದರೆ ಜೀವಿಗಳಿಗೆ ಆಘಾತವಾಗುವುದರಿಂದ ಕೊಡಪಾನದಲ್ಲಿ ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ಹೀಗೆ ಗಾಳಿಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಮರ್ಯಾದೆ. ಅದು ಮೀರಿದರೆ ಮತ್ತೆ ಗಾಳಿಸಬೇಕು. ಒಲೆಗೆ ಇಡುವ ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ತಟ್ಟಿ, ಗೆದ್ದಲು ಇರುವೆಗಳಿಲ್ಲವೆಂದು ನೋಡಬೇಕು. ಮಳೆಗಾಲದಲ್ಲಿ ಹಿಟ್ಟಿನ ಮರ್ಯಾದೆ ಮೂರೇ ದಿನ. ಆದ್ದರಿಂದ ಬೀಸುವ ಕೆಲಸವೂ ಹೆಚ್ಚು. ಬೂಷ್ಟು ಹಿಡಿಯುವ ಮೊದಲೇ ಪಾತ್ರೆ ಪದಾರ್ಥಗಳನ್ನು ಒಣಗಿಸಿಡಬೇಕು. ಹಿಡಿದ ಮೇಲೆ ಒರೆಸಿದರೆ ಅನಂತ ಜೀವರಾಶಿಯ ಘಾತ. ಸೂರ್ಯನೇ ಕಾಣದ ದಿನವಾದರೂ ಗಡಿಯಾರ ನೋಡಿ, ಅಸ್ತಮಾನಕ್ಕೆ ಎರಡು ಘಳಿಗೆ ಮೊದಲೇ ಮಕ್ಕಳ ಊಟ ಮುಗಿಸಬೇಕು. ಸೊಸೆಯು ಇವೆಲ್ಲವನ್ನೂ ಬಿರಿದ ಬೆರಳುಗಳಿಂದ ಮಾಡುತ್ತಿದ್ದಳು. ಹಗ್ಗ ಹಿಡಿದಾಗಲೆಲ್ಲ ಉರಿಯುತ್ತಿತ್ತು.

ಮಧ್ಯಾಹ್ನ ಹಿರಿಯರು ಹೊತ್ತು ಕಳೆಯಲು ಮೊಮ್ಮಗಳನ್ನು ಕರೆದು ಪಾಠಶಾಲೆಯ ಪಾಠವನ್ನು ಒಪ್ಪಿಸೆಂದರು. ಅವಳಿಗೆ ಆ ವಾರದ ಪಾಠ ಶ್ರಾವಕವ್ರತಗಳ ಅತಿಚಾರಗಳು. ಪ್ರೋಷಧೋಪವಾಸದ ಅತಿಚಾರಗಳು ಐದೆಂದು ಬೆರಳು ಮಡಿಸಿ ಹೇಳಿದಳು: ನೋಡದೆ, ಒರೆಸದೆ ವಸ್ತುಗಳನ್ನು ಇಡುವುದು, ಮಲಾದಿಗಳನ್ನು ಬಿಡುವುದು, ನೋಡದೆ, ಒರೆಸದೆ ತೆಗೆದುಕೊಳ್ಳುವುದು, ನೋಡದೆ, ಒರೆಸದೆ ಹಾಸಿಗೆ ಹೊದಿಕೆಗಳನ್ನು ಹಾಸುವುದು, ಅನಾದರ, ವ್ರತದ ವಿಸ್ಮರಣೆ.

ಹೇಳಿ ಮುಗಿಸಿದ ಮೇಲೆ ಅವಳು ಕೇಳಿದಳು: “ಅಜ್ಜಾ, ಐದರಲ್ಲಿ ಒಂದೂ ಊಟದ ಮಾತಲ್ಲವಲ್ಲ? ಉಪವಾಸದ ದಿನ ಕದ್ದು ತಿಂದರೆ ತಪ್ಪಲ್ಲವೇ?”

“ತಿಂದರೆ ವ್ರತವೇ ಹೋಯಿತು ಮಗಾ, ಅದು ಭಂಗ. ವ್ರತ ಉಳಿದಿದ್ದೂ ಅದಕ್ಕೆ ತಗಲುವ ಕೊಳೆಗೆ ಅತಿಚಾರವೆನ್ನುತ್ತಾರೆ.”

“ಹಾಗಾದರೆ ಏನೂ ತಿನ್ನದವರಿಗೂ ಅತಿಚಾರ ಉಂಟೋ?”

“ಉಂಟು” ಎಂದರು ಹಿರಿಯರು. ಅವರ ಕೈ ಆಗ ಕಂಬಳಿಯ ಮೇಲಿತ್ತು.

ಮಗುವಿನ ಪ್ರಶ್ನೆ ಸಣ್ಣದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪರ್ವದಿನಗಳಲ್ಲಿ ಪಾರಾಯಣ ಮಾಡುವವರು ಅನೇಕರಿದ್ದಾರೆ. ಆದರೆ ಉಪವಾಸದ ಅತಿಚಾರಗಳಲ್ಲಿ ಹೊಟ್ಟೆಯ ಹೆಸರೇ ಇಲ್ಲವೆಂಬುದನ್ನು ಗಮನಿಸುವವರು ಕಡಿಮೆ. ಉಮಾಸ್ವಾಮಿಗಳು ಎಣಿಸಿದ ಐದರಲ್ಲಿ ಮೂರು ಕೈಗೆ ಸೇರಿದವು, ಎರಡು ಮನಸ್ಸಿಗೆ ಸೇರಿದವು. ಎತ್ತುವುದು, ಇಡುವುದು, ಹಾಸುವುದು ಎಂಬ ಈ ಕ್ರಿಯೆಗಳು ಮನೆಯೊಳಗೆ ದಿನವೊಂದಕ್ಕೆ ನೂರಾರು ಸಲ ನಡೆಯತಕ್ಕವು. ಅನಾದರವೆಂದರೆ ಹಸಿವಿನಿಂದ ಪೀಡಿತನಾದವನಿಗೆ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ಕುಗ್ಗುವುದೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಉಪವಾಸವು ತಾನೇ ತರುವ ಬಳಲಿಕೆಯಿಂದ ಉಪವಾಸಕ್ಕೆ ಕಳಂಕ ಬರಬಹುದೆಂಬುದು ಆಚಾರ್ಯರಿಗೆ ತಿಳಿದಿತ್ತು. ಹೊಟ್ಟೆಯನ್ನು ಕಾಯುವುದು ಸುಲಭ. ಅದಕ್ಕೆ ಬಾಗಿಲು ಒಂದೇ. ಕೈಯನ್ನೂ ಮನಸ್ಸನ್ನೂ ಕಾಯುವುದು ಕಷ್ಟ.

ಇಲ್ಲಿ ಸಣ್ಣ ಬೇನೆಯ ಪಾತ್ರವೇನು? ನೆಗಡಿ, ಮಂಡಿನೋವುಗಳಿಗೆ ಮಳೆ ತೇವಗಳು ಹೊರಗಿನ ನಿಮಿತ್ತ. ಒಳಗಿನ ಕಾರಣ ಅಸಾತಾ ವೇದನೀಯ ಕರ್ಮದ ಉದಯ. ವೇದನೀಯವು ಅಘಾತಿ ಕರ್ಮ. ಅದು ದೇಹಕ್ಕೆ ದುಃಖವನ್ನು ಒದಗಿಸಬಲ್ಲದೇ ಹೊರತು ಆತ್ಮನ ಜ್ಞಾನದರ್ಶನಾದಿ ಗುಣಗಳನ್ನು ಘಾತಿಸಲಾರದು. ಆ ನೋವನ್ನು ನೆಪ ಮಾಡಿಕೊಂಡು ಹುಟ್ಟುವ ಸಿಡುಕು, ಹಠ, ‘ನನ್ನನ್ನು ಯಾರೂ ಕೇಳುವುದಿಲ್ಲ’ ಎಂಬ ಮಾನ, ಇವು ಮೋಹನೀಯದ ಉದಯ. ಮೋಹನೀಯವು ಘಾತಿ ಕರ್ಮ. ಹೀಗೆ ಕಟ್ಟಿದ ಮೂಗಿನಿಂದ ಆತ್ಮನಿಗೆ ನಷ್ಟವೇನೂ ಇಲ್ಲ. ಕೆರಳಿದ ಮಾತಿನಿಂದ ನಷ್ಟವಿದೆ. ಹಿರಿಯರು ಬೆಳಗಿನಿಂದ ಕಾಯುತ್ತಿದ್ದುದು ಮೂಗನ್ನು.

ಬೇನೆಯು ಎಂದು ಹೋದೀತೆಂದು ಎಡೆಬಿಡದೆ ಚಿಂತಿಸುವುದನ್ನು ಶಾಸ್ತ್ರವು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದಾಗಿ ಎಣಿಸಿದೆ. ಅದು ಸಂಭವಿಸುವುದು ಪ್ರಮತ್ತಸಂಯತವೆಂಬ ಆರನೆಯ ಗುಣಸ್ಥಾನದವರೆಗೂ ಉಂಟು. ಐದನೆಯದರಲ್ಲಿರುವ ದೇಶವ್ರತಿಗೆ ಅದು ಬಂದರೆ ಆಶ್ಚರ್ಯವಿಲ್ಲ, ನಿರಾಶೆಗೂ ಕಾರಣವಿಲ್ಲ. ಬಂದುದನ್ನು ಗುರುತಿಸದೆ ಅದಕ್ಕೆ ತಪಸ್ಸೆಂದು ಹೆಸರಿಡುವುದೇ ದೋಷ. ದೊಡ್ಡ ರೋಗದಲ್ಲಿ ಈ ಮೋಸ ಸುಲಭವಲ್ಲ. ಅಲ್ಲಿ ಶತ್ರುವು ಎದುರಿಗೆ ನಿಂತಿರುತ್ತಾನೆ. ಸಣ್ಣ ಬೇನೆಯಲ್ಲಿ ಮನುಷ್ಯನಿಗೆ ತಾನು ಯುದ್ಧದಲ್ಲಿರುವೆನೆಂಬ ಅರಿವೇ ಇರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ಪ್ರೋಷಧದ ದಿನ ಗೃಹಸ್ಥನು ಆರಂಭವನ್ನು, ಎಂದರೆ ಜೀವಬಾಧೆಗೆ ಕಾರಣವಾಗುವ ಗೃಹಕೃತ್ಯಗಳನ್ನು ತೊರೆಯತಕ್ಕದ್ದು. ಹಿರಿಯರು ತಾವು ಒಲೆ ಹಚ್ಚಲಿಲ್ಲ, ನೀರು ಸೇದಲಿಲ್ಲ. ಆದರೆ ಅವರ ಸಲುವಾಗಿ ಒಲೆ ಉರಿಯಿತು, ನೀರು ಸೇದಲ್ಪಟ್ಟಿತು. ಜಿನಾಗಮವು ಕ್ರಿಯೆಯನ್ನು ಮಾಡಿದವನ ಕೈಯಲ್ಲಿ ಮಾತ್ರ ನೋಡುವುದಿಲ್ಲ. ಕೃತ, ಕಾರಿತ, ಅನುಮತವೆಂದು ಮೂರೂ ಕಡೆ ನೋಡುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳಿಂದಲೂ, ಕೃತಾದಿ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಆಸ್ರವದ ಜೀವಾಧಿಕರಣಗಳು 108 ಆಗುತ್ತವೆ. ಜಪಸರದ ಮಣಿಗಳ ಸಂಖ್ಯೆಗೆ ಈ ಲೆಕ್ಕವನ್ನು ಹೇಳುವ ವಾಡಿಕೆಯೂ ಉಂಟು. ಹಿರಿಯರ ಕೈಯಲ್ಲಿ ಜಪಸರವಿತ್ತು. ಮಣಿ ಸರಿಸುತ್ತ ಬಿಸಿನೀರು ಕೇಳಿದಾಗಲೆಲ್ಲ ಅದೇ ಲೆಕ್ಕದ ಒಂದೊಂದು ಭೇದವು ಕಾರಿತರೂಪದಲ್ಲಿ ಘಟಿಸುತ್ತಿತ್ತು.

ಹಾಗಾದರೆ ನೋಯುವ ಮಂಡಿಗೆ ಶಾಖವನ್ನು ಕೇಳಲೇ ಬಾರದೇ ಎಂದು ಯಾರಾದರೂ ಶಂಕಿಸಬಹುದು. ಕೇಳಬಾರದೆಂದಿಲ್ಲ. ಅವಶ್ಯವಿದ್ದುದನ್ನು ಒಮ್ಮೆ ಕೇಳುವುದಕ್ಕೂ, ಬೇಸರ ಕಳೆಯಲು ಐದು ಸಲ ಕೇಳುವುದಕ್ಕೂ ಅಂತರವಿದೆ. ಸಂಯಮವೆಂದರೆ ಆ ಅಂತರವನ್ನು ತಿಳಿಯುವುದು. ಮಲಗಿದವನಿಗೆ ಮಾಡಲು ಯಾವ ಕೆಲಸವೂ ಇಲ್ಲವೆಂದು ತಿಳಿಯಬಾರದು. ಒಂದು ಕೋರಿಕೆಯನ್ನು ನಾಲಗೆಯಲ್ಲೇ ತಡೆದು ನಿಲ್ಲಿಸಿದರೆ, ಒಂದು ಕೊಡ ನೀರಿನ, ನಾಲ್ಕು ಕಟ್ಟಿಗೆಗಳ, ಒಬ್ಬಳ ಬೆರಳುಗಳ ಬಾಧೆ ತಪ್ಪುತ್ತದೆ.

ಇನ್ನೊಂದು ಶಂಕೆ ಹೆಚ್ಚು ಗಂಭೀರವಾದುದು. ಸಿಡುಕಿನಿಂದ ಉಪವಾಸ ಮಾಡುವುದಕ್ಕಿಂತ ಕಷಾಯ ಕುಡಿದು ಶಾಂತನಾಗಿರುವುದೇ ಲೇಸಲ್ಲವೇ ಎಂದು ತರುಣರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅದನ್ನು ಸ್ಥಾನವರಿತು ಬಳಸಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸು ಶಕ್ತಿಗೆ ತಕ್ಕಂತೆ ಇರಬೇಕೆಂಬುದೂ ಒಂದು ಭಾವನೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಆದ್ದರಿಂದ ಶಕ್ತಿಯ ವಿಚಾರವನ್ನು ನಿಯಮ ಸ್ವೀಕರಿಸುವ ಮೊದಲೇ ಮಾಡಬೇಕು. ತ್ರಯೋದಶಿಯ ರಾತ್ರಿಯೇ ದೇಹ ಕುಂದಿದ್ದರೆ ಗುರುಗಳನ್ನೋ ಬಲ್ಲವರನ್ನೋ ಕೇಳಿ ಏಕಾಶನವನ್ನೋ ರಸತ್ಯಾಗವನ್ನೋ ಮಾಡುವುದು ದೌರ್ಬಲ್ಯವಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ನಿತ್ಯ ಗುಳಿಗೆ ನುಂಗುವ ವೃದ್ಧರು ನಿಯಮಕ್ಕೆ ಮೊದಲು ವೈದ್ಯರನ್ನು ವಿಚಾರಿಸುವುದು ವಿವೇಕ. ಆದರೆ ಸ್ವೀಕರಿಸಿದ ನಿಯಮವನ್ನು ಬರಿಯ ನೆಗಡಿಗಾಗಿ ಮುರಿದು, ಅದಕ್ಕೆ ಸಮತಾಭಾವವೆಂಬ ಹೆಸರು ಕೊಡುವುದು ಆತ್ಮವಂಚನೆ. ನಿಯಮವನ್ನೂ ಉಳಿಸಬೇಕು, ಸಿಡುಕನ್ನೂ ಬಿಡಬೇಕು; ಮಾರ್ಗವಿರುವುದು ಹಾಗೆ.

ಔಷಧವನ್ನೇ ತಿರಸ್ಕರಿಸುವುದು ವೈರಾಗ್ಯವೆಂದು ಭ್ರಮಿಸುವವರೂ ಇದ್ದಾರೆ. ಸಮಂತಭದ್ರರು ಸಲ್ಲೇಖನೆಯನ್ನು ಹೇಳುವಾಗಲೂ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳೆಂದು ನಿರ್ದಿಷ್ಟವಾಗಿ ಹೇಳಿದ್ದಾರೆ. ಪ್ರತೀಕಾರವಿರುವ ಬೇನೆಗೆ ಪ್ರತೀಕಾರ ಮಾಡಿಕೊಳ್ಳತಕ್ಕದ್ದು. ಪಾರಣೆಯ ದಿನ ಹಗಲಿನಲ್ಲಿ ಕಾಳುಮೆಣಸು, ಜೀರಿಗೆ, ಕೊತ್ತಂಬರಿಗಳ ಕಷಾಯ ಕುಡಿದರೆ ವ್ರತಕ್ಕೆ ಬಾಧೆಯಿಲ್ಲ. ಹಸಿಶುಂಠಿಯು ಅನಂತಕಾಯವಾದ್ದರಿಂದ ಒಣಶುಂಠಿಯನ್ನೂ, ಮಧುವು ತ್ಯಾಜ್ಯವಾದ್ದರಿಂದ ಬೆಲ್ಲವನ್ನೂ ಬಳಸುವ ಪದ್ಧತಿ ಮನೆಮನೆಗೆ ತಿಳಿದದ್ದೇ.

ಆ ಮನೆಯ ಕಥೆಗೆ ಹಿಂತಿರುಗಬಹುದು. ಮೊಮ್ಮಗಳು ಪುಸ್ತಕ ಮುಚ್ಚಿ ಹೋದ ಮೇಲೆ ಹಿರಿಯರು ಎದ್ದು ಕುಳಿತರು. ಕಂಬಳಿಯನ್ನು ಮೆಲ್ಲನೆ ಬಿಡಿಸಿ, ಉಳಿದಿದ್ದ ಇರುವೆಗಳನ್ನು ಮೃದುವಾದ ಬಟ್ಟೆಯಿಂದ ಒಂದು ಕಾಗದದ ಮೇಲೆ ಸರಿಸಿ, ಜಗಲಿಯ ಒಣ ಮೂಲೆಯಲ್ಲಿ ಬಿಟ್ಟರು. ಮಂಡಿ ನೋಯುತ್ತಿದ್ದುದರಿಂದ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸೊಸೆ ಆರನೆಯ ಸಲ ಬಿಸಿನೀರು ತಂದಳು. ಪಾತ್ರೆ ಇಡುವಾಗ ಅವಳು ಬೆರಳುಗಳನ್ನು ಮಡಿಸಿಕೊಂಡುದನ್ನು ಹಿರಿಯರು ಆಗ ಕಂಡರು.

“ಕೈಗೆ ಏನಾಗಿದೆ ಅಮ್ಮಾ?”

“ಏನಿಲ್ಲ ಮಾವ, ಮಳೆಗಾಲಕ್ಕೆ ಆಗುವುದೇ. ನೀರಿಗೆ ಬೆಂದಿದೆ.”

“ಎಷ್ಟು ದಿನವಾಯಿತು?”

“ವಾರವಾಯಿತು.”

ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅನಂತರ, “ಇಂದು ಇನ್ನು ನನಗೆ ನೀರು ಕಾಯಿಸುವುದು ಬೇಡ. ಕೈ ಒರೆಸಿ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಿಕೋ. ವಾಸಿಯಾಗದಿದ್ದರೆ ನಾಳೆಯೇ ವೈದ್ಯರಲ್ಲಿಗೆ ಹೋಗಿ ಬಾ. ಬೆಳಿಗ್ಗೆ ನಾನು ಗದರಿದ್ದು ತಪ್ಪು” ಎಂದರು. ಸಾಯಂಕಾಲ ಮಗ ಪೇಟೆಯಿಂದ ಬಂದಾಗ, ಪಂಪು ಸರಿಯಾಗುವವರೆಗೆ ನೀರು ಸೇದಿ ಗಾಳಿಸುವ ಕೆಲಸ, ಜೀವಾಣಿಯನ್ನು ಬಾವಿಗೆ ಮುಟ್ಟಿಸುವ ಕೆಲಸ ಅವನದೆಂದು ಹೇಳಿದರು. ಅವನಿಗೆ ಗಾಳಿಸುವ ಕ್ರಮ ಸರಿಯಾಗಿ ತಿಳಿದಿರಲಿಲ್ಲ. ಹೆಂಡತಿಯಿಂದ ಕೇಳಿ ಕಲಿತುಕೊಂಡನು.

ಸಮಂತಭದ್ರರ ನಾಲ್ಕು ಶಿಕ್ಷಾವ್ರತಗಳ ಕ್ರಮದಲ್ಲಿ ಪ್ರೋಷಧೋಪವಾಸದ ಮಗ್ಗುಲಿಗೇ ವೈಯಾವೃತ್ಯವಿದೆ. ಅದು ಮುಖ್ಯವಾಗಿ ತಪೋಧನರ ಸೇವೆಯನ್ನೂ ದಾನವನ್ನೂ ಕುರಿತದ್ದು. ಆದರೂ ಪರರ ಬಾಧೆಯನ್ನು ಕಂಡು ನೀಗಿಸುವ ದೃಷ್ಟಿಯನ್ನು ಮನೆಯಲ್ಲಿ ಕಲಿಯದವನು ಮುನಿಗಳ ಸನ್ನಿಧಿಯಲ್ಲಿ ಅದನ್ನು ಎಲ್ಲಿಂದ ತಂದಾನು? ದ್ವಾದಶ ತಪಗಳಲ್ಲಿ ಅನಶನವು ಬಾಹ್ಯ ತಪಗಳ ಮೊದಲನೆಯದು. ವೈಯಾವೃತ್ಯವು ಅಂತರಂಗ ತಪ. ಒಂದೇ ಮನೆಯಲ್ಲಿ ಮಾವನು ಬಾಹ್ಯ ತಪವನ್ನು ಆಚರಿಸುತ್ತಿದ್ದಾಗ ಸೊಸೆಯು ಹೆಸರಿಲ್ಲದೆ ಅಂತರಂಗ ತಪದ ಅಭ್ಯಾಸದಲ್ಲಿದ್ದಳು. ಮನೆಯ ಲೆಕ್ಕದಲ್ಲಿ ಅಂದು ಒಬ್ಬರೇ ವ್ರತಿಕರೆಂದು ಎಣಿಕೆಯಾಗಿತ್ತು.

ರಾತ್ರಿ ಪ್ರತಿಕ್ರಮಣದಲ್ಲಿ ಹಿರಿಯರು ಆ ದಿನದ ದೋಷಗಳನ್ನು ಆಲೋಚಿಸಿದರು. ಕಂಬಳಿಯಲ್ಲಿ ಸತ್ತ ಜೀವಿಗಳು ಮರಳಿ ಬರಲಾರವು. ಮೂಗು ಇನ್ನೂ ಕಟ್ಟಿಯೇ ಇತ್ತು, ಮಂಡಿ ನೋಯುತ್ತಲೇ ಇತ್ತು. ಬೆಳಗಿನಿಂದ ಬೇನೆಯಲ್ಲಿ ಯಾವ ಇಳಿತವೂ ಆಗಿರಲಿಲ್ಲ. ನಸ್ಯದ ಡಬ್ಬಿಯ ಕಡೆಗೆ ಮನಸ್ಸು ಹರಿದು ಎರಡು ಮೂರು ತಾಸು ಕಳೆದಿತ್ತೆಂಬುದು ಮಾತ್ರ ಅವರಿಗೆ ಆಗ ತಿಳಿಯಿತು. ಮಲಗುವ ಮೊದಲು ಚಾಪೆಯನ್ನು ದೀಪದ ಬೆಳಕಿನಲ್ಲಿ ನೋಡಿ, ಒರೆಸಿ, ಹಾಸಿಕೊಂಡರು.

ಇನ್ನು ಮುಂದೆಯೂ ಮಳೆಗಾಲಗಳು ಬರುತ್ತವೆ, ನೆಗಡಿಗಳೂ ಬರುತ್ತವೆ. ಗೃಹಸ್ಥರೆಲ್ಲರಿಗೂ ಕಠಿಣ ತಪಸ್ಸಿನ ಅವಕಾಶ ದೊರೆಯುವುದಿಲ್ಲ. ಆದರೆ ಒಂದು ವಸ್ತುವನ್ನು ನೋಡಿ ಎತ್ತುವ, ನೋಡಿ ಇಡುವ, ಒಂದು ಕೋರಿಕೆಯನ್ನು ತಡೆಯುವ, ಇನ್ನೊಬ್ಬರ ಕೈಯನ್ನು ಗಮನಿಸುವ ಅವಕಾಶ ಪ್ರತಿಯೊಂದು ಮನೆಯಲ್ಲಿಯೂ ಪ್ರತಿದಿನವೂ ದೊರೆಯುತ್ತದೆ. ಉಪವಾಸ ಮುಗಿದ ಮರುದಿನ, ನಿನ್ನೆ ಏನನ್ನೂ ತಿನ್ನಲಿಲ್ಲವೆಂದು ತೃಪ್ತಿಪಡುವ ಮೊದಲು, ನಿನ್ನೆ ತನ್ನ ಸಲುವಾಗಿ ಯಾರು ಎಷ್ಟು ನೊಂದರೆಂದು ಶ್ರಾವಕನು ಒಮ್ಮೆ ವಿಚಾರಿಸಿಕೊಳ್ಳಲಿ. ಪಾರಣೆಯ ಮೊದಲ ತುತ್ತು ಆಮೇಲೆ ಆಗಲಿ.